ಬಳುವಳಿಯಾಗಿ ಬಂದ ಬಿಲ್ಲು

ಮ್ಯಾಡಿಸನ್, ವಿಸ್ಕಾನ್ಸಿನ್
ಆಗಸ್ಟ್ ತಿಂಗಳು

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗನ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀವೂ ಅಮ್ಮನೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ಬಿಲ್ಲು ಹಿಡಿದು ಬೇಟೆ ಕಲಿಯುತ್ತಿದ್ದೇನೆಂದು ಫೋನಿನಲ್ಲಿ ಹೇಳಿದಾಗ ನೀವು ಎರಡು ಪ್ರಶ್ನೆ ಕೇಳಿದಿರಿ: ಬೇಟೆ ಅಪರಾಧವಲ್ಲವೇ, ಇನ್ನೊಬ್ಬರು ಬಳಸಿ ಕೊಟ್ಟ ಬಿಲ್ಲನ್ನು ನಂಬಬಹುದೇ ಎಂದು. ಎರಡಕ್ಕೂ ಫೋನಿನಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಅದು ನಮ್ಮ ಕಾಡುಗಳಿಗೆ ಅಗತ್ಯವೂ ಹೌದು. ಇಲ್ಲಿ ಬಿಳಿಬಾಲದ ಜಿಂಕೆಗಳು ಹೇರಳವಾಗಿವೆ. ಹೊಲಗಳೇ ಹೆಚ್ಚಿರುವ ಈ ದಕ್ಷಿಣ ಭಾಗದಲ್ಲಿ ಅವನ್ನು ಹಿಡಿದು ತಿನ್ನುವ ದೊಡ್ಡ ಮೃಗಗಳು ತೀರಾ ವಿರಳ. ಆದ್ದರಿಂದ ಸರ್ಕಾರವೇ ಪರವಾನಗಿ ಕೊಟ್ಟು, ಸೆಪ್ಟೆಂಬರ್ ಮಧ್ಯದಿಂದ ಜನವರಿಯ ಆರಂಭದವರೆಗೆ ಬಿಲ್ಲುಬೇಟೆಗೆ ಅವಕಾಶ ಕೊಡುತ್ತದೆ. 1973ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರು ಬೇಟೆ ಶಿಕ್ಷಣದ ಪ್ರಮಾಣಪತ್ರ ಪಡೆದಿರಬೇಕು, ನಾನು ಪಡೆದಿದ್ದೇನೆ. ಜಿಂಕೆ ಸಿಕ್ಕರೆ ಮರುದಿನ ಸಂಜೆ ಐದರೊಳಗೆ ನೋಂದಾಯಿಸಬೇಕು. ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ರಕ್ಷಣೆಗೆ ಮೀಸಲಿಡುವ ಕಾನೂನು ಈ ದೇಶದಲ್ಲಿ 1937ರಲ್ಲೇ ಬಂತು. 1970ರ ದಶಕದಲ್ಲಿ ಬಿಲ್ಲುಬಾಣಗಳೂ ಅದರ ವ್ಯಾಪ್ತಿಗೆ ಸೇರಿದವು. ಈ ವ್ಯವಸ್ಥೆಯ ಬಗ್ಗೆ ನನಗೆ ನಿಜವಾದ ಗೌರವವಿದೆ.

ಇನ್ನು ಬಿಲ್ಲಿನ ವಿಷಯ. ಅದನ್ನು ಕೊಟ್ಟವರು ನನ್ನ ಹಿರಿಯ ಸಹೋದ್ಯೋಗಿ. ಭುಜದ ನೋವಿನಿಂದಾಗಿ ಅವರಿಗೆ ಈಗ ಹೆದೆ ಎಳೆಯಲಾಗುವುದಿಲ್ಲ. ಇದು ನಮ್ಮ ಚಿತ್ರಪಟಗಳಲ್ಲಿ ಕಾಣುವಂಥ ಬಿಲ್ಲಲ್ಲ. ಹಾಲೆಸ್ ವಿಲ್ಬರ್ ಆಲನ್ ಎಂಬ ಅಮೆರಿಕನ್ನರು 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲು ಇದು. ಇದರ ಎರಡೂ ತುದಿಗಳಲ್ಲಿ ಕ್ಯಾಮ್ ಎಂಬ ವಕ್ರ ಗಾಲಿಗಳಿದ್ದು, ಹೆದೆ ಪೂರ್ತಿ ಹಿಂದಕ್ಕೆ ಬಂದಾಗ ಅವು ಭಾರದ ಬಹುಪಾಲನ್ನು ತಾವೇ ಹೊರುತ್ತವೆ. ಎಳೆಯಲು 50 ಪೌಂಡ್ ಬಲ ಬೇಕಾದ ಬಿಲ್ಲಿನಲ್ಲಿ ಶೇಕಡಾ 75ರಷ್ಟು ಭಾರ ಇಳಿದರೆ ಬೆರಳಿಗೆ ಉಳಿಯುವುದು ಹನ್ನೆರಡೂವರೆ ಪೌಂಡ್ ಮಾತ್ರ, ಹಾಗಾಗಿ ಅವಸರವಿಲ್ಲದೆ ಗುರಿ ಹಿಡಿದು ನಿಲ್ಲಬಹುದು.

ಆದರೆ ಅಣ್ಣನ ಅಂಗಿಯನ್ನು ತಮ್ಮ ತೊಟ್ಟಂತೆ ಇನ್ನೊಬ್ಬರ ಕಾಂಪೌಂಡ್ ಬಿಲ್ಲನ್ನು ಹಾಗೆಯೇ ಹಿಡಿದು ಹೊರಡಲಾಗದು. ಎರಡೂ ತೋಳು ಚಾಚಿದಾಗಿನ ಅಗಲವನ್ನು ಅಂಗುಲಗಳಲ್ಲಿ ಅಳೆದು ಎರಡೂವರೆಯಿಂದ ಭಾಗಿಸಿದರೆ ಹೆದೆ ಎಷ್ಟು ಹಿಂದೆ ಬರಬೇಕೆಂಬ ಅಂದಾಜು ಸಿಗುತ್ತದೆ. ನನ್ನದು ಇಪ್ಪತ್ತೇಳೂವರೆ ಅಂಗುಲ, ಬಿಲ್ಲನ್ನು ಮೂವತ್ತಕ್ಕೆ ಹೊಂದಿಸಲಾಗಿತ್ತು. ಅದೃಷ್ಟವಶಾತ್ ಇದರ ಕ್ಯಾಮಿನಲ್ಲಿ ಅಳತೆ ಬದಲಿಸುವ ಸೌಲಭ್ಯವಿದೆ. ಕೆಲವು ಬಿಲ್ಲುಗಳಲ್ಲಿ ಕ್ಯಾಮನ್ನೇ ಬದಲಿಸಬೇಕಾಗುತ್ತದೆ. ಎಳೆಯುವ ಭಾರವನ್ನೂ ಬಿಲ್ಲು ರಿಪೇರಿಯವರು ಅರವತ್ತರಿಂದ ಐವತ್ತು ಪೌಂಡಿಗೆ ಇಳಿಸಿದ್ದಾರೆ. ಜಿಂಕೆಗೆ ಈ ರಾಜ್ಯದ ಕನಿಷ್ಠ ಮಿತಿ ಮೂವತ್ತು ಪೌಂಡ್ ಆದ್ದರಿಂದ ಐವತ್ತು ಧಾರಾಳವಾಯಿತು.

ಅವರು ಬಿಲ್ಲನ್ನು ಪರೀಕ್ಷಿಸಿದ ರೀತಿ ನಿಮಗೆ ಇಷ್ಟವಾಗುತ್ತಿತ್ತು. ಹಿಡಿಯ ಮೇಲೂ ಕೆಳಗೂ ಬಾಗುವ ಬಿಲ್ಲಿನ ರೆಕ್ಕೆಗಳ ಉದ್ದಕ್ಕೂ, ಅಂಚುಗಳ ಮೇಲೂ ಹತ್ತಿಯ ಉಂಡೆಯನ್ನು ನಿಧಾನವಾಗಿ ಸವರಿದರು; ಕಣ್ಣಿಗೆ ಕಾಣದ ಸೀಳಿದ್ದರೆ ಅಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಎಲ್ಲಿಯೂ ಸಿಕ್ಕಲಿಲ್ಲ. ಹೆದೆ ಮತ್ತು ಕೇಬಲ್‌ಗಳು ಮಾತ್ರ ಎಳೆಯೆದ್ದು ಒಣಗಿದ್ದವು, ಎಲ್ಲವನ್ನೂ ಹೊಸದಾಗಿ ಹಾಕಿಸಿದೆ. ಬಿಲ್ಲನ್ನು ಪ್ರೆಸ್ಸಿನಲ್ಲಿ ಒತ್ತಿ ಹಿಡಿದು ಮಾಡುವ ಆ ಕೆಲಸವನ್ನು ಮನೆಯಲ್ಲಿ ಪ್ರಯತ್ನಿಸಬಾರದು. ಬಾಣವಿಲ್ಲದೆ ಹೆದೆ ಬಿಡುವುದಂತೂ ಸಲ್ಲದು; ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಹೊಡೆದು ಅದು ಸಿಡಿಯಬಹುದು. ಹಿರಿಯರ ಬಾಣಗಳನ್ನು ನಾನು ಬಳಸುತ್ತಿಲ್ಲ. ಅವರು ಎಳೆಯುತ್ತಿದ್ದ ಭಾರಕ್ಕೂ ಅಳತೆಗೂ ಹೊಂದುತ್ತಿದ್ದ ಬಾಣ ನನ್ನ ಬಿಲ್ಲಿಗೆ ತೀರಾ ಗಡುಸು. ನನ್ನ ಕಾರ್ಬನ್ ಬಾಣಗಳನ್ನು ಪ್ರತಿ ಸಲವೂ ಬಾಗಿಸಿ, ಚಿರಿಚಿರಿ ಸದ್ದು ಬರುವುದೇ ಎಂದು ಕೇಳಿಸಿಕೊಂಡೇ ಹೆದೆಗೆ ಹೂಡುತ್ತೇನೆ.

ಅಭ್ಯಾಸದಲ್ಲಿ ನನಗೆ ಮುಖ್ಯವಾದದ್ದು ದೂರದ ಲೆಕ್ಕ. ಇಪ್ಪತ್ತು ಗಜದಾಚೆ ಈ ವರ್ಷ ಬಾಣ ಬಿಡುವುದಿಲ್ಲವೆಂದು ನಿರ್ಧರಿಸಿದ್ದೇನೆ. ಸೆಕೆಂಡಿಗೆ 250 ಅಡಿ ಸಾಗುವ ಬಾಣಕ್ಕೆ ಅಷ್ಟು ದೂರಕ್ಕೆ ಕಾಲು ಸೆಕೆಂಡ್ ಬೇಕು, ನಲವತ್ತು ಗಜಕ್ಕೆ ಅರ್ಧ ಸೆಕೆಂಡ್. ಹೆದೆಯ ಸದ್ದು ಬಾಣಕ್ಕಿಂತ ಬಹಳ ಮೊದಲೇ ಜಿಂಕೆಯ ಕಿವಿ ಮುಟ್ಟುತ್ತದೆ. ಅದು ನೆಗೆಯಲು ಮೈ ಕುಗ್ಗಿಸಿದರೆ ಶ್ವಾಸಕೋಶಕ್ಕೆ ಇಟ್ಟ ಗುರಿ ಬೆನ್ನಿಗೆ ತಗಲುತ್ತದೆ. ಆದ್ದರಿಂದ ಅದು ನಿರಾತಂಕವಾಗಿ, ಪಕ್ಕೆ ತೋರಿಸಿ ಅಥವಾ ತುಸು ಆಚೆ ತಿರುಗಿ ನಿಂತಾಗ ಮಾತ್ರ ಮುಂಗಾಲಿನ ಹಿಂಬದಿಗೆ ಬಿಡಬೇಕು. ಬಿಟ್ಟ ಮೇಲೂ ತಕ್ಷಣ ಓಡಿಹೋಗಬಾರದು. ಕನಿಷ್ಠ ಅರ್ಧ ಗಂಟೆ ಕಾದು ಮೊದಲು ಬಾಣವನ್ನು ನೋಡಬೇಕು. ನೊರೆಗೂಡಿದ ನಸುಗೆಂಪು ರಕ್ತವಿದ್ದರೆ ಶ್ವಾಸಕೋಶಕ್ಕೆ ತಗಲಿದೆ, ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಹಸಿರು ಕಲೆಯೂ ದುರ್ನಾತವೂ ಇದ್ದರೆ ಹೊಟ್ಟೆಗೆ ತಗಲಿದೆಯೆಂದು ಅರ್ಥ. ಆಗ ಬೆನ್ನಟ್ಟಿದರೆ ನರಳುತ್ತ ದೂರ ಓಡುತ್ತದೆ, ಗಂಟೆಗಟ್ಟಲೆ ಕಾಯಲೇಬೇಕು. ಅಂಥ ನೋವನ್ನು ಒಂದು ಜೀವಕ್ಕೆ ಕೊಡಬಾರದೆಂದೇ ದಿನವೂ ಸಂಜೆ ಅಭ್ಯಾಸ ಮಾಡುತ್ತಿದ್ದೇನೆ.

ಈ ರಾಜ್ಯದ ಜಿಂಕೆಗಳಲ್ಲಿ 2002ರಿಂದ ಮಿದುಳಿನ ಒಂದು ರೋಗ ಕಾಣಿಸಿಕೊಂಡಿದೆ. ಆದ್ದರಿಂದ ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಾಂಸವನ್ನು ಮುಟ್ಟುವುದಿಲ್ಲ.

ಮರದ ಮೇಲಿನ ಅಟ್ಟಣೆಯಲ್ಲಿ ಕೂರುತ್ತೇನೆಂದು ಅಮ್ಮ ಹೆದರಿದ್ದಾಳೆ. ಆ ಭಯ ನ್ಯಾಯವಾದದ್ದೇ. ಬೇಟೆಗೆ ಹೋಗುವವರು ಅಟ್ಟಣೆಯಿಂದ ಬಿದ್ದು ಗಾಯಗೊಳ್ಳುವುದು ಇಲ್ಲಿ ಸಾಮಾನ್ಯ. ನೆಲ ಬಿಡುವ ಮುನ್ನವೇ ಮೈಗೆ ಪೂರ್ತಿ ಬೆಲ್ಟ್ ಕಟ್ಟಿ, ಅದನ್ನು ಮರಕ್ಕೆ ಕಟ್ಟಿದ ಹಗ್ಗಕ್ಕೆ ಸಿಕ್ಕಿಸಿಕೊಂಡೇ ಹತ್ತುತ್ತೇನೆ, ಬಿಲ್ಲನ್ನು ಕೂತ ಮೇಲೆ ಹಗ್ಗದಿಂದ ಮೇಲೆಳೆದುಕೊಳ್ಳುತ್ತೇನೆ. ಎಲ್ಲಿ ಕೂರುತ್ತೇನೆ, ಎಷ್ಟು ಹೊತ್ತಿಗೆ ಇಳಿಯುತ್ತೇನೆ ಎಂಬುದನ್ನು ಸಹೋದ್ಯೋಗಿಗೆ ಮೊದಲೇ ತಿಳಿಸಿರುತ್ತೇನೆ. ಇದಿಷ್ಟನ್ನು ಅವಳಿಗೆ ನೀವೇ ಓದಿ ಹೇಳಬೇಕೆಂದು ಕೋರುತ್ತೇನೆ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಮಗ