ಗುರುವಿನ ಮೋಡದೊಳಗಿನ ನೀರಾವಿ: ಭಾನುವಾರದ ಮಾತುಕತೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಬದಿಯಡ್ಕದಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ಕಳೆದ ಸಲ ಅರ್ಧಕ್ಕೆ ನಿಂತ ವಿಷಯ: ಮೋಡ ಮುಚ್ಚಿದ ಗುರು ಗ್ರಹದಲ್ಲಿ ನೀರಾವಿ ಎಷ್ಟಿದೆ ಅಂತ ಅಳೆಯುವುದು ಹೇಗೆ?

ಬರುವ ಮೊದಲು ಇಷ್ಟು ಓದಿಕೊಳ್ಳಿ. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಶೋಧಕ ಗುರುವಿನೊಳಗೆ ಇಳಿಯಿತು. ಸುಮಾರು ಒಂದು ಗಂಟೆ ಮಾಹಿತಿ ಕಳಿಸಿ ಸುಮ್ಮನಾಯಿತು. ಎಣಿಸಿದ್ದಕ್ಕಿಂತ ತುಂಬಾ ಕಡಿಮೆ ನೀರು ಕಂಡಿತು. ಅದು ಬಿದ್ದ ಜಾಗವೇ ಒಣಗಿದ್ದು! ಏಪ್ರಿಲಿನಲ್ಲಿ ಬತ್ತಿದ ಒಂದು ತೋಡು ನೋಡಿ ಕಾಸರಗೋಡಿನಲ್ಲಿ ಮಳೆಯೇ ಇಲ್ಲ ಅಂದರೆ ನಾವು ಒಪ್ಪುತ್ತೇವಾ?

2016ರಲ್ಲಿ ಗುರುವನ್ನು ತಲುಪಿದ ಜೂನೋ ನೌಕೆ ಮೋಡದೊಳಗೆ ಇಳಿಯುವುದಿಲ್ಲ. ಗ್ರಹದ ಒಳಗಿನ ಬಿಸಿಯಿಂದ ಹೊಮ್ಮುವ ಮೈಕ್ರೋವೇವ್ ಅಲೆಗಳನ್ನು 6 ಆಂಟೆನಾಗಳಲ್ಲಿ ಹಿಡಿಯುತ್ತದೆ. ಉದ್ದದ ಅಲೆ ಆಳದಿಂದ ಬರುತ್ತದೆ, ಗಿಡ್ಡ ಅಲೆ ಮೇಲಿನಿಂದ. ದಾರಿಯಲ್ಲಿ ನೀರಾವಿ ಸ್ವಲ್ಪ ಹೀರಿಕೊಳ್ಳುತ್ತದೆ. ಎಷ್ಟು ಕಮ್ಮಿಯಾಯಿತು ಅನ್ನುವುದರಿಂದ ನೀರಿನ ಲೆಕ್ಕ. ಆದರೆ ಅಮೋನಿಯಾ ಕೂಡ ಹೀರುತ್ತದೆ, ನೀರಿಗಿಂತ ಜಾಸ್ತಿ. ಇವೆರಡರ ಪಾಲು ಬೇರೆ ಮಾಡುವುದೇ ಕಷ್ಟದ ಕೆಲಸ. ನನಗೆ ತುಂಬಾ ಇಷ್ಟವಾದ ಭಾಗವೂ ಅದೇ, ಭಾನುವಾರ ಚಿತ್ರ ಬರೆದು ತೋರಿಸುತ್ತೇನೆ. 2020ರಲ್ಲಿ ಬಂದ ಲೆಕ್ಕದಂತೆ ಸಮಭಾಜಕದ ಹತ್ತಿರ ಗುರುವಿನ ವಾತಾವರಣದ ಅಣುಗಳಲ್ಲಿ ಸುಮಾರು ಶೇಕಡಾ 0.25 ನೀರು.

ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಗುರು ಹೇಗೆ ಹುಟ್ಟಿತು ಅನ್ನುವ ಸುಳಿವು ಆ ನೀರಿನಲ್ಲಿದೆ.

ಮಕ್ಕಳನ್ನೂ ಕರೆದುಕೊಂಡು ಬನ್ನಿ. ಮಳೆ ಜೋರಿದ್ದರೂ ಕಾರ್ಯಕ್ರಮ ಉಂಟು.