ಎಪಿಐ ಕಲೆಕ್ಷನ್‌ಗಳ ಎಕ್ಸ್‌ಪೋರ್ಟ್ ದೋಷಗಳ ಕುರಿತು ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಎಪಿಐ (ತಂತ್ರಾಂಶಗಳು ಪರಸ್ಪರ ವ್ಯವಹರಿಸುವ ಸಂಪರ್ಕ ವ್ಯವಸ್ಥೆ) ಪರೀಕ್ಷಾ ತಂತ್ರಾಂಶವನ್ನು ನಮ್ಮ ತಂಡ ಚಂದಾ ಕಟ್ಟಿ ಬಳಸುತ್ತಿದೆ. ಕಲೆಕ್ಷನ್‌ಗಳನ್ನು, ಅಂದರೆ ಎಪಿಐಗೆ ಕಳುಹಿಸುವ ರಿಕ್ವೆಸ್ಟ್‌ಗಳ ಗುಂಪುಗಳನ್ನು, ಕೋಡ್‌ನಂತೆಯೇ ಬದಲಾವಣೆಗಳ ಇತಿಹಾಸ ಕಾಯ್ದಿಡುವ ಗಿಟ್‌ನಲ್ಲಿಟ್ಟು ನಿರ್ವಹಿಸಬಹುದು ಎಂಬ ನಿಮ್ಮ ಭರವಸೆಯನ್ನು ನಂಬಿಯೇ ನಾವು ಇದನ್ನು ಆರಿಸಿಕೊಂಡೆವು. ಆ ಭರವಸೆ ಈಡೇರಿಲ್ಲ.

ಒಂದು ರಿಕ್ವೆಸ್ಟ್‌ನ ಹೆಡರ್‌ನಲ್ಲಿ ಒಂದೇ ಪದ ತಿದ್ದಿದರೂ ಎಕ್ಸ್‌ಪೋರ್ಟ್ ಮಾಡಿದಾಗ ಇಡೀ ಕಲೆಕ್ಷನ್ ಒಂದೇ ಬೃಹತ್ ಜೇಸನ್ ಕಡತವಾಗಿ (ಕೀ ಎಂಬ ಹೆಸರು ಮತ್ತು ಅದರ ಮೌಲ್ಯದ ಜೋಡಿಗಳಿರುವ ಪಠ್ಯ) ಹೊರಬರುತ್ತದೆ. ಪ್ರತಿ ಸಲವೂ ಐಡಿಗಳು ಹೊಸದಾಗಿ ಹುಟ್ಟುತ್ತವೆ, ಕೀಗಳ ಕ್ರಮ ಅದಲುಬದಲಾಗುತ್ತದೆ. ಸಾಲು ಸಾಲಾಗಿ ಹೋಲಿಸಿ ನೋಡುವವರಿಗೆ ನಿಜವಾದ ಬದಲಾವಣೆ ಯಾವುದೆಂದೇ ತಿಳಿಯುವುದಿಲ್ಲ. ಓದದೆಯೇ ಒಪ್ಪಿಗೆ ಕೊಡುವ ಸ್ಥಿತಿ ಬರುತ್ತದೆ. ಇಬ್ಬರು ಸಂಬಂಧವೇ ಇಲ್ಲದ ಎರಡು ರಿಕ್ವೆಸ್ಟ್‌ಗಳನ್ನು ತಿದ್ದಿದರೂ ಮರ್ಜ್ ಮಾಡುವಾಗ, ಅಂದರೆ ಇಬ್ಬರ ಬದಲಾವಣೆಗಳನ್ನು ಒಂದುಗೂಡಿಸುವಾಗ, ತಕರಾರು ಏಳುತ್ತದೆ. ಜೇಸನ್‌ನಲ್ಲಿ ಕೀಗಳಿಗೆ ಕ್ರಮವಿಲ್ಲ ಎಂಬುದು ನಿಮ್ಮ ಸಿಬ್ಬಂದಿಯ ಉತ್ತರ. ಜೇಸನ್‌ನ ಮಾನದಂಡವಾದ ಆರ್‌ಎಫ್‌ಸಿ 8259 ಹಾಗೆ ಹೇಳುವುದು ನಿಜ. ಆದರೆ ಇದ್ದ ಕ್ರಮವನ್ನು ಪ್ರತಿ ಸಲ ಕದಡಿ ಎಂದು ಅದು ಎಲ್ಲಿಯೂ ಹೇಳಿಲ್ಲ.

ಇದಕ್ಕಿಂತ ಗಂಭೀರವಾದದ್ದು ಟೋಕನ್‌ಗಳ, ಅಂದರೆ ಎಪಿಐ ಪ್ರವೇಶಕ್ಕೆ ಬೇಕಾದ ಗುಪ್ತ ಸಂಕೇತಗಳ, ವಿಷಯ. ಗುಪ್ತವೆಂದು ಗುರುತು ಮಾಡಿದ ಮೌಲ್ಯಗಳೂ ಎಕ್ಸ್‌ಪೋರ್ಟ್ ಕಡತದಲ್ಲಿ ಯಾವ ಮರೆಯೂ ಇಲ್ಲದೆ ಕಾಣಿಸುತ್ತವೆ. ಒಮ್ಮೆ ಕಮಿಟ್ ಆದ, ಅಂದರೆ ಗಿಟ್‌ನಲ್ಲಿ ದಾಖಲಾದ, ಟೋಕನ್ ಅನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಗಿಟ್ ಇತಿಹಾಸದಲ್ಲಿ ಅದು ಹಾಗೆಯೇ ಇರುತ್ತದೆ. ರದ್ದುಪಡಿಸಿ ಹೊಸದನ್ನು ಪಡೆಯದೆ ಬೇರೆ ದಾರಿಯಿಲ್ಲ. ನಮಗೂ ಅದೇ ಗತಿಯಾಯಿತು. ಗುಪ್ತವೆಂದು ಗುರುತಿಸುವ ಸೌಲಭ್ಯ ಕೊಟ್ಟವರು ನೀವೇ. ಆ ಗುರುತನ್ನು ನಿಮ್ಮ ತಂತ್ರಾಂಶವೇ ಲೆಕ್ಕಿಸದಿರುವುದು ಅಕ್ಷಮ್ಯ.

ಆದೇಶ ಬರೆದು ಪರೀಕ್ಷೆಗಳನ್ನು ಓಡಿಸುವ ಕಮಾಂಡ್ ಲೈನ್ ರನ್ನರ್ ಕೂಡ ನಂಬಿಕೆಗೆ ಅರ್ಹವಾಗಿಲ್ಲ. ಪರೀಕ್ಷೆ ವಿಫಲವಾದರೂ ಅದು ಯಶಸ್ಸನ್ನು ಸೂಚಿಸುವ 0 ಎಂಬ ಎಕ್ಸಿಟ್ ಕೋಡ್ ಕೊಟ್ಟು ಮುಗಿಯುತ್ತದೆ, ತಂತ್ರಾಂಶವನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ಬಿಲ್ಡ್ ವ್ಯವಸ್ಥೆ ಎಲ್ಲವೂ ಸರಿಯಿದೆ ಎಂದು ಮುಂದುವರಿಯುತ್ತದೆ.

ಪ್ರತಿ ರಿಕ್ವೆಸ್ಟ್‌ಗೂ ಮನುಷ್ಯರು ಓದಬಲ್ಲ ಪ್ರತ್ಯೇಕ ಪಠ್ಯ ಕಡತವಿರಲಿ, ಐಡಿಗಳೂ ಕ್ರಮವೂ ಸ್ಥಿರವಾಗಿರಲಿ. ಗುಪ್ತ ಮೌಲ್ಯಗಳು ಕಡತಕ್ಕೆ ಬರಲೇಬಾರದು. ಓಡಿಸುವ ಹೊತ್ತಿನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿಂದ (ಕಡತದ ಹೊರಗೆ ಕಂಪ್ಯೂಟರ್‌ನಲ್ಲಿ ಹೊಂದಿಸಿದ ಮೌಲ್ಯಗಳು) ಸಿಕ್ಕರೆ ಸಾಕು. ಟೋಕನ್ ಸೋರಿಕೆಯನ್ನು ಮುಂದಿನ ಬಿಡುಗಡೆಗೆ ಕಾಯದೆ ತಕ್ಷಣ ಸರಿಪಡಿಸಿ, ಇತರ ಗ್ರಾಹಕರಿಗೂ ಎಚ್ಚರಿಕೆ ಕಳುಹಿಸಿ. ಅವರಲ್ಲಿ ಅನೇಕರ ಟೋಕನ್‌ಗಳು ಈಗಲೂ ಬಯಲಲ್ಲಿರಬಹುದು.

ಉಳಿದ ದೋಷಗಳನ್ನು ಎಂದು ಸರಿಪಡಿಸುತ್ತೀರಿ ಎಂಬುದನ್ನು ದಿನಾಂಕ ಸಹಿತ ಲಿಖಿತವಾಗಿ ತಿಳಿಸಿ. ಅದು ಸಾಧ್ಯವಿಲ್ಲವಾದರೆ ನಮ್ಮ ಚಂದಾದ ಉಳಿದ ಅವಧಿಯ ಹಣವನ್ನು ಹಿಂದಿರುಗಿಸಿ.

ಇಂತಿ,
ನಿಮ್ಮ ಚಂದಾದಾರ ತಂಡದ ಪರವಾಗಿ