ಶನಿವಾರ ಗೊರಿಲ್ಲಾ ನೋಡಲು ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 7ಕ್ಕೆ ಉಗಾಂಡಾದ ಬ್ವಿಂಡಿ ಕಾಡಿನ ಬುಹೋಮಾ ಗೇಟಿನ ಹತ್ತಿರ ಸೇರೋಣ. ಒಂದು ಗೊರಿಲ್ಲಾ ಕುಟುಂಬವನ್ನು ನೋಡಲು ದಿನಕ್ಕೆ 8 ಜನರನ್ನಷ್ಟೇ ಬಿಡುತ್ತಾರೆ, ಅದೂ ಒಂದೇ ಗಂಟೆ. 15 ವರ್ಷ ತುಂಬದ ಮಕ್ಕಳನ್ನು ಬಿಡುವುದಿಲ್ಲ.

ಈ ಗೊರಿಲ್ಲಾಗಳಿಗೆ ಮನುಷ್ಯರು ರೂಢಿಯಾಗಿದ್ದಾರೆ, ಹಾಗಂತ ಸಾಕಿದ ಪ್ರಾಣಿಗಳಲ್ಲ. ಬೆನ್ನು ಬೆಳ್ಳಗಾದ ದೊಡ್ಡ ಗಂಡು ಎದೆ ಬಡಿದುಕೊಂಡು ನಮ್ಮತ್ತ ನುಗ್ಗಬಹುದು. ಹೆಚ್ಚಿನ ಸಲ ಅದು ಬರೀ ಬೆದರಿಕೆ, ಅರ್ಧಕ್ಕೇ ನಿಲ್ಲುತ್ತದೆ. ಓಡಲೇಬೇಡಿ. ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು ತಲೆ ತಗ್ಗಿಸಿ. ದಿಟ್ಟಿಸಿ ನೋಡಬೇಡಿ. ಮರಿಗಳು ಕುತೂಹಲಕ್ಕೆ ಹತ್ತಿರ ಬಂದರೆ ನಾವೇ ಹಿಂದೆ ಸರಿಯಬೇಕು, ಎಷ್ಟೇ ಮುದ್ದಾಗಿದ್ದರೂ ಮುಟ್ಟುವಂತಿಲ್ಲ. ಫ್ಲ್ಯಾಶ್ ಬೇಡ.

ನಮ್ಮ ನೆಗಡಿ ಅವುಗಳ ಜೀವಕ್ಕೇ ಕುತ್ತು. ಮಾಸ್ಕ್ ತನ್ನಿ. ಕೆಮ್ಮು, ಜ್ವರ ಇದ್ದರೆ ದುಡ್ಡು ಹೋಯ್ತಲ್ಲಾ ಅಂತ ಮುಚ್ಚಿಡಬೇಡಿ, ದಯವಿಟ್ಟು. ಬರುತ್ತೀರೋ ಇಲ್ಲವೋ, ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.